ಅಪೀಲು ಹಾಕಿದೀನಲ್ಲ, ಇನ್ನು ಅಮೀನ ಬರಲ್ಲ ಅಲ್ವಾ ಸಾರ್?

ನಮ್ಮೂರ ಲೈಬ್ರರಿ ಹಾಲ್‌ನಲ್ಲಿ ಒಂದು ಭಾನುವಾರ ಸಂಜೆ ವಕೀಲನಾಗಿ ನಾನು ಮಾತಾಡಿದ್ದು ಇದು, ಅಪೀಲು ನಡೀತಿರೋವಾಗ ತೀರ್ಪಿನ ಜಾರಿ ನಿಲ್ಲಿಸೋ ಸ್ಟೇ ಬಗ್ಗೆ. ಅಮೀನ ಅಂದ್ರೆ ಕೋರ್ಟ್ ಆರ್ಡರ್ ಜಾರಿ ಮಾಡೋಕೆ ಬರೋ ಕೋರ್ಟಿನ ನೌಕರ. ನಮ್ಮ ಆಫೀಸಿನ ಜೂನಿಯರ್ ಹುಡುಗ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಟೈಪ್ ಮಾಡಿ ಕಳಿಸಿದ. ಕೆಮ್ಮಿದ್ದು, ಮೈಕ್ ಕೈ ಕೊಟ್ಟಿದ್ದು ಇವೆಲ್ಲ ತೆಗೆದಿದೀನಿ, ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಪುಸ್ತಕದ ಭಾಷೆಗೆ ತಿದ್ದೋಕೆ ಹೋದ್ರೆ ಅದು ನನ್ನ ಮಾತು ಅನ್ನಿಸ್ಲಿಲ್ಲ.

ಎಲ್ಲರಿಗೂ ನಮಸ್ಕಾರ. ಕಾಫಿ ಕುಡಿದಾಯ್ತಲ್ಲ, ಶುರು ಮಾಡ್ತೀನಿ. ಕಾನೂನಿಗಿಂತ ಮೊದಲು ಒಂದು ಕತೆ ಹೇಳ್ತೀನಿ, ಕತೆ ಅಂದ್ರೆ ನಡೆದಿದ್ದೇ, ಅದೂ ನಾನು ಮಾಡಿದ ತಪ್ಪಿನ ಕತೆ.

ಸುಮಾರು ವರ್ಷದ ಹಿಂದಿನ ಮಾತು, ನನ್ನ ಹತ್ರ ಒಬ್ಬ ಅಂಗಡಿ ಯಜಮಾನ್ರು ಬಂದಿದ್ರು, ಬಾಡಿಗೆ ಅಂಗಡಿ, ಓನರ್ ಖಾಲಿ ಮಾಡಿ ಅಂತ ದಾವಾ ಹಾಕಿ ಗೆದ್ದಿದ್ರು. ನಾವು 30 ದಿನದ ಒಳಗೇ ಅಪೀಲು ಹಾಕಿದ್ವಿ, ನಂಬರೂ ಆಯ್ತು, ಎದುರು ಪಾರ್ಟಿಗೆ ನೋಟಿಸೂ ಹೋಯ್ತು. ಜೊತೆಗೆ ಸ್ಟೇಗೆ ಒಂದು ಅರ್ಜಿ, ನಾವು ಐಎ ಅಂತೀವಿ, ಅದನ್ನೂ ಹಾಕಿದ್ದೆ, ಆದ್ರೆ ಅದರ ಮೇಲೆ ವಾದ ಮಾಡ್ಬೇಕಾದ ದಿನ ನಮ್ಮನೇಲಿ ತಂಗಿ ಮದುವೆ ಓಡಾಟ, ಟೈಮ್ ತಗೊಂಡೆ. ಯಜಮಾನ್ರು ಅಪೀಲ್ ನಂಬರ್ ಬರೆದ ಚೀಟಿನ ಪರ್ಸಲ್ಲಿ ದೇವರ ಫೋಟೋ ಹಿಂದೆ ಇಟ್ಕೊಂಡು ನೆಮ್ಮದಿಯಾಗಿದ್ರು. ಒಂದು ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಕೋರ್ಟ್ ಅಮೀನ ಬಂದ, ಜೊತೆಗೆ ಒಬ್ಬ ಪೇದೆ, ಬೀಗ ರಿಪೇರಿಯವನು. ಇವರು ಚೀಟಿ ತೆಗೆದು ತೋರಿಸಿದ್ರು, ಅಪೀಲ್ ಆಗಿದೆ ನೋಡ್ರಿ ಅಂತ. ಅಮೀನ ಒಳ್ಳೆ ಮನುಷ್ಯ, ಚೀಟಿ ಪೂರ್ತಿ ಓದಿದ, ಮಡಚಿ ವಾಪಸ್ ಕೊಟ್ಟ, "ನಂಬರ್ ಇದೆ ಸರಿ, ಸ್ಟೇ ಎಲ್ಲಿ ಯಜಮಾನ್ರೇ?" ಅಂದ. ಮಧ್ಯಾಹ್ನದ ಹೊತ್ತಿಗೆ ಸಾಮಾನೆಲ್ಲ ಫುಟ್‌ಪಾತ್ ಮೇಲಿತ್ತು.

ನಾನು ಓಡಿ ಹೋಗಿ ಮಾರನೇ ದಿನ ಅರ್ಜಿ ಮೂವ್ ಮಾಡಿದೆ. ಜಡ್ಜು ಕೇಳಿದ್ದು ಒಂದೇ ಪ್ರಶ್ನೆ, ಸ್ವಾಧೀನ ಕೊಟ್ಟಾಗಿದೆಯಾ? ಆಗಿದೆ ಅಂದೆ. ಹಾಗಾದ್ರೆ ಇನ್ನು ಸ್ಟೇ ಮಾಡೋಕೆ ಏನು ಉಳಿದಿದೆ ವಕೀಲರೇ ಅಂದ್ರು. ಏನೂ ಉಳಿದಿರ್ಲಿಲ್ಲ. ನಡೆದು ಮುಗಿದದ್ದನ್ನ ಸ್ಟೇ ಹಿಂದಕ್ಕೆ ತಿರುಗಿಸಲ್ಲ, ನಡೀಬೇಕಾದ್ದನ್ನ ನಿಲ್ಲಿಸತ್ತೆ ಅಷ್ಟೇ. ಆ ಯಜಮಾನ್ರು ನನ್ನನ್ನ ಒಂದು ಮಾತೂ ಬೈಲಿಲ್ಲ, ಅದೇ ಇವತ್ತಿಗೂ ಚುಚ್ಚತ್ತೆ.

ಆ ಅಮೀನ ಕೇಳಿದ ಪ್ರಶ್ನೇಲಿ ಇವತ್ತಿನ ವಿಷಯದ ಅರ್ಧ ಕಾನೂನು ಬಂತು. ಸಿವಿಲ್ ಪ್ರೊಸೀಜರ್ ಕೋಡ್, 1908ರದ್ದು, ಅದರಲ್ಲಿ ಆರ್ಡರ್ 41 ರೂಲ್ 5 ಅಂತಿದೆ. ಅದು ಶುರುವಾಗೋದೇ ಹೀಗೆ: ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ, ಅಂದ್ರೆ ಕೋರ್ಟಿನ ತೀರ್ಪಿನ ಆದೇಶ, ಅದರ ಜಾರಿ ನಿಲ್ಲಲ್ಲ, ಮೇಲಿನ ಕೋರ್ಟು ಸಾಕಷ್ಟು ಕಾರಣ ಇದೆ ಅಂತ ನೋಡಿ ಬೇರೆ ಆರ್ಡರ್ ಮಾಡಿದ್ರೆ ಮಾತ್ರ ನಿಲ್ಲತ್ತೆ. ಇನ್ನೊಂದು ವಿಷಯ ಜನಕ್ಕೆ ಗೊತ್ತೇ ಇರಲ್ಲ, ಡಿಕ್ರಿ ಆಗಿ 2 ವರ್ಷದ ಒಳಗೆ ಗೆದ್ದವರು ಅಮಲ್ಜಾರಿ ಅರ್ಜಿ, ಅಂದ್ರೆ ಡಿಕ್ರಿ ಜಾರಿ ಮಾಡ್ಸಿ ಅನ್ನೋ ಅರ್ಜಿ, ಹಾಕಿದ್ರೆ ಸ್ವಾಧೀನದಂಥ ಡಿಕ್ರಿಯಲ್ಲಿ ಸೋತವರಿಗೆ ಮೊದಲು ನೋಟಿಸ್ ಕೊಡ್ಲೇಬೇಕು ಅಂತೇನಿಲ್ಲ. 2 ವರ್ಷ ದಾಟಿದ್ರೆ ಇಲ್ಲಾ ಸೋತವರು ತೀರಿಕೊಂಡು ಅವರ ವಾರಸುದಾರರ ಮೇಲೆ ಜಾರಿ ಮಾಡ್ಬೇಕಿದ್ರೆ ನೋಟಿಸ್ ಬೇಕು. "ಮೊದಲು ನೋಟಿಸ್ ಬರತ್ತೆ, ಆಮೇಲೆ ನೋಡೋಣ" ಅಂತ ಕೂತವರ ಮನೆಗೆ ನೇರವಾಗಿ ವಾರಂಟೇ ಬಂದಿರೋದು ನಾನು ನೋಡಿದೀನಿ.

ಇದೇನು ಅನ್ಯಾಯ, ಅಪೀಲು ತೀರ್ಮಾನ ಆಗೋವರೆಗೆ ತಡ್ಕೊಂಡ್ರೆ ಏನು ಗಂಟು ಹೋಗತ್ತೆ ಅಂತ ಸೋತವರು ಕೇಳ್ತಾರೆ. ಅದೇ ಪ್ರಶ್ನೆನ ಗೆದ್ದವರ ಕಡೆ ನಿಂತು ಕೇಳಿ ನೋಡಿ. ಹದಿನೈದು ವರ್ಷ ಓಡಾಡಿ, ಸಾಕ್ಷಿ ಹೇಳಿ, ಕ್ರಾಸ್ ಮಾಡಿಸ್ಕೊಂಡು ಕೊನೆಗೂ ಒಂದು ಡಿಕ್ರಿ ಸಿಕ್ಕಿದೆ, ಇನ್ನೊಬ್ಬ ಒಂದು ಅಪೀಲ್ ಮೆಮೊ ಟೈಪ್ ಮಾಡಿಸಿ ಕೋರ್ಟ್ ಫೀ ಕಟ್ಟಿದ್ರೆ ಇವರ ಡಿಕ್ರಿ ಬರೀ ಕಾಗದ ಆಗ್ಬಿಡ್ಬೇಕಾ? 1872ರಲ್ಲೇ ಪ್ರಿವಿ ಕೌನ್ಸಿಲ್ಲು, ಆಗ ಲಂಡನ್ನಲ್ಲಿದ್ದ ನಮ್ಮ ಕೊನೇ ಅಪೀಲು ಕೋರ್ಟು, ದರ್ಭಾಂಗದ ಒಂದು ಕೇಸಲ್ಲಿ ಹೇಳಿತ್ತು, ಇಂಡಿಯಾದಲ್ಲಿ ದಾವೆ ಹಾಕಿದವನ ಕಷ್ಟ ಶುರುವಾಗೋದೇ ಡಿಕ್ರಿ ಸಿಕ್ಕ ಮೇಲೆ ಅನ್ನೋ ಅರ್ಥದಲ್ಲಿ. 150 ವರ್ಷ ಆಯ್ತು. 2025ರಲ್ಲಿ ಸುಪ್ರೀಂ ಕೋರ್ಟು ದೇಶದ ಹೈಕೋರ್ಟ್‌ಗಳಿಂದ ಲೆಕ್ಕ ತರಿಸಿದಾಗ ಬಾಕಿ ಬಿದ್ದಿದ್ದ ಅಮಲ್ಜಾರಿ ಅರ್ಜಿಗಳು 8.8 ಲಕ್ಷಕ್ಕೂ ಜಾಸ್ತಿ. ಆ ಲೆಕ್ಕದಲ್ಲಿ ನಮ್ಮ ಕರ್ನಾಟಕದ ಅಂಕಿ ಬಂದೇ ಇರ್ಲಿಲ್ಲ, ಕೋರ್ಟು ಅದನ್ನ ಬೇರೆ ಕೇಳಬೇಕಾಯ್ತು, ಅಂದ್ರೆ ನಮ್ಮದೂ ಸೇರಿದ್ರೆ ಇನ್ನೂ ಜಾಸ್ತಿ.

ಹಾಗಾಗಿ ನಾನು ಸ್ಟೇ ಅನ್ನೋದನ್ನ ನೋಡೋ ರೀತಿ ಬೇರೆ. ಡಿಕ್ರಿಗೂ ಅಪೀಲಿನ ತೀರ್ಪಿಗೂ ನಡುವೆ ಐದೋ ಎಂಟೋ ವರ್ಷ ಯಾರೋ ಒಬ್ಬರು ಕಾಯ್ಲೇಬೇಕು. ಸ್ಟೇ ಕೊಟ್ರೆ ಗೆದ್ದವ ಕಾಯ್ತಾನೆ, ಕೊಡದಿದ್ರೆ ಸೋತವ ಕಳ್ಕೊಂಡು ಕಾಯ್ತಾನೆ. ಕೋರ್ಟು ಮಾಡೋದು ಇಷ್ಟೇ, ಈ ಕಾಯೋ ಹೊರೆ ಯಾರ ತಲೆ ಮೇಲೆ, ಮತ್ತೆ ಇನ್ನೊಬ್ಬ ಅದಕ್ಕೆ ಏನು ತೆರಬೇಕು ಅಂತ ನೋಡೋದು. ಪುಕ್ಕಟೆ ಸ್ಟೇ ಅನ್ನೋದು ಕಾನೂನಿನ ಲೆಕ್ಕದಲ್ಲಿ ಇಲ್ಲ, ಕೋರ್ಟ್ ಹಾಲಲ್ಲಿ ಒಮ್ಮೊಮ್ಮೆ ಸಿಗತ್ತೆ ಅದು ಬೇರೆ ಮಾತು.

ರೂಲ್ 5ರಲ್ಲೇ ಮೂರು ವಿಷಯ ಇದೆ, ಕೋರ್ಟಿಗೆ ಇವು ಮನವರಿಕೆ ಆಗ್ಬೇಕು. ಸ್ಟೇ ಕೊಡದಿದ್ರೆ ಕೇಳೋನಿಗೆ ಭಾರಿ ನಷ್ಟ ಆಗಬಹುದು ಅನ್ನೋದು, ಅರ್ಜಿ ಸುಮ್ನೆ ತಡ ಮಾಡಿ ಹಾಕಿಲ್ಲ ಅನ್ನೋದು, ಕೊನೆಗೆ ಸೋತ್ರೆ ಡಿಕ್ರಿ ಪ್ರಕಾರ ನಡ್ಕೊಳ್ತೀನಿ ಅನ್ನೋದಕ್ಕೆ ಭದ್ರತೆ ಕೊಟ್ಟಿದಾನೆ ಅನ್ನೋದು. ನಮ್ಮ ವಕೀಲರ ಅಫಿಡವಿಟ್‌ಗಳಲ್ಲಿ ಮೊದಲನೇದಕ್ಕೆ ಒಂದು ರೆಡಿಮೇಡ್ ಸಾಲು ಇದೆ, "ಸ್ಟೇ ನೀಡದಿದ್ದಲ್ಲಿ ನನಗೆ ತುಂಬಲಾರದ ನಷ್ಟವುಂಟಾಗುತ್ತದೆ", ಎಲ್ಲ ಫೈಲಲ್ಲೂ ಅದೇ ಸಾಲು, ಹೆಸರು ಮಾತ್ರ ಬೇರೆ. ಅದರಿಂದ ಏನೂ ಪ್ರಯೋಜನ ಇಲ್ಲ ಕಣ್ರೀ. ಆ ಮನೇಲಿ ಎಷ್ಟು ವರ್ಷದಿಂದ ಇದೀರಿ, ಹಾಸಿಗೆ ಹಿಡಿದವರು ಇದಾರಾ, ಎದುರು ಪಾರ್ಟಿ ಸ್ವಾಧೀನ ಸಿಕ್ಕಿದ ತಕ್ಷಣ ಕಟ್ಟಡ ಒಡೆಯೋ ಪ್ಲಾನ್ ಮಾಡಿದಾರಾ, ಅಡಿಕೆ ಮರ ಕಡಿತಾರಾ, ಜಮೀನು ಮಾರೋಕೆ ಅಡ್ವಾನ್ಸ್ ತಗೊಂಡಿದಾರಾ, ಇದನ್ನ ಬರೀರಿ, ಕಾಗದ ಇದ್ರೆ ಲಗತ್ತಿಸಿ.

ದುಡ್ಡಿನ ಡಿಕ್ರಿ ಆದ್ರೆ ಕತೆ ಬೇರೆ. ದುಡ್ಡು ಕೊಡೋದು ತುಂಬಲಾರದ ನಷ್ಟ ಅಂತ ಕೋರ್ಟುಗಳು ಸುಲಭಕ್ಕೆ ಒಪ್ಪಲ್ಲ, ಯಾಕಂದ್ರೆ ಅಪೀಲಲ್ಲಿ ಗೆದ್ರೆ ವಾಪಸ್ ತಗೋಬಹುದಲ್ಲ. 1976ರ ತಿದ್ದುಪಡಿಯಲ್ಲಿ ಸೇರಿಸಿದ ಮಾತು ಇನ್ನೂ ಬಿಗಿ, ದುಡ್ಡಿನ ಡಿಕ್ರಿ ವಿರುದ್ಧ ಅಪೀಲು ಹಾಕಿದವನು ತಕರಾರಿರೋ ಮೊತ್ತನ ಕೋರ್ಟಲ್ಲಿ ಕಟ್ಟಬೇಕು ಇಲ್ಲಾ ಭದ್ರತೆ ಕೊಡ್ಬೇಕು, ಎರಡೂ ಮಾಡದಿದ್ರೆ ಸ್ಟೇ ಇಲ್ಲ. ನಮ್ಮ ಕಡೆ ಎಲ್ಲರ ಬಾಯಲ್ಲೂ "ಅರ್ಧ ಕಟ್ಟಿದ್ರೆ ಸ್ಟೇ" ಅಂತಿದೆಯಲ್ಲ, ಅದು ಈ ರೂಲಿನಲ್ಲಿ ಬರೆದಿರೋದಲ್ಲ, ರೂಢಿ. ಜಡ್ಜು ಪೂರ್ತಿ ಕಟ್ಟು ಅನ್ಬಹುದು, ಕಾಲು ಭಾಗ ಕಟ್ಟು ಉಳಿದಿದ್ದಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡು ಅನ್ಬಹುದು, ಜಮೀನಿನ ಪಹಣಿ ಇಟ್ಟು ಜಾಮೀನು ಬರ್ಕೊಡು ಅನ್ಬಹುದು. ಈ ಅರ್ಧದ ಮಾತು ಜನಕ್ಕೆ ಆಕ್ಸಿಡೆಂಟ್ ಕೇಸಿಂದ ಬಂತೇನೋ ಅಂತ ನನ್ನ ಅನುಮಾನ, ಮೋಟಾರ್ ವಾಹನ ಕಾಯ್ದೆ ಸೆಕ್ಷನ್ 173ರಲ್ಲಿ ಪರಿಹಾರ ಕೊಡ್ಬೇಕಾದವರು ಅಪೀಲು ಹಾಕೋಕೇ 25,000 ರೂಪಾಯಿ ಇಲ್ಲಾ ಅರ್ಧ, ಯಾವುದು ಕಮ್ಮಿನೋ ಅದನ್ನ ಕಟ್ಟಬೇಕು ಅಂತಿದೆ. ಅದು ಅಪೀಲಿನ ಬಾಗಿಲು ದಾಟೋಕೆ, ಸ್ಟೇಗೆ ಬೇರೆ ಕಂಡೀಷನ್ ಹಾಕ್ತಾರೆ.

ಕಟ್ಟೋಕೆ ದುಡ್ಡಿಲ್ಲ ಅಂದ್ರೆ ಅಪೀಲೇ ಹೋಗ್ಬಿಡತ್ತಾ? ಇಲ್ಲ. 1998ರಲ್ಲಿ ಸುಪ್ರೀಂ ಕೋರ್ಟು ಒಂದು ಬ್ಯಾಂಕ್ ಸಾಲದ ಕೇಸಲ್ಲಿ ಇದನ್ನ ಹೇಳಿದೆ, ಡೆಪಾಸಿಟ್ ಕಟ್ಟದಿದ್ರೆ ಸ್ಟೇ ಸಿಗಲ್ಲ ಅಷ್ಟೇ, ಅಪೀಲನ್ನ ಆ ಕಾರಣಕ್ಕೆ ವಜಾ ಮಾಡೋ ಹಾಗಿಲ್ಲ. ಬಡವ ಅಪೀಲು ನಡೆಸಬಹುದು, ಆದ್ರೆ ಅವನ ಎತ್ತು ಗಾಡಿ ಅಲ್ಲಿವರೆಗೆ ಉಳಿಯತ್ತೆ ಅನ್ನೋ ಗ್ಯಾರಂಟಿ ಇಲ್ಲ, ಇದು ನನಗೆ ಸರಿ ಕಾಣಲ್ಲ, ಆದ್ರೆ ಕಾನೂನು ಇರೋದು ಹಾಗೆ.

ಇಲ್ಲೊಂದು ಲೆಕ್ಕ ಹೇಳ್ತೀನಿ, ಗೆದ್ದವರೂ ಸೋತವರೂ ಇಬ್ರೂ ಕೇಳ್ಕೊಳ್ಳಿ. 10 ಲಕ್ಷದ ಡಿಕ್ರಿ, 6 ಪರ್ಸೆಂಟ್ ಬಡ್ಡಿ ಅಂದ್ಕೊಳ್ಳಿ, ವರ್ಷಕ್ಕೆ 60,000. ಸೋತವ ಸ್ಟೇಗೋಸ್ಕರ ಪೂರ್ತಿ ದುಡ್ಡನ್ನ ಕೋರ್ಟಲ್ಲಿ ಕಟ್ಟಿದ. ಇನ್ನು ಬಡ್ಡಿ ಓಡಲ್ಲ ಅಂದ್ಕೊಂಡು ನಿರಾಳ ಆಗ್ತಾನೆ. ತಪ್ಪು. ಸ್ಟೇಗೆ ಕಂಡೀಷನ್ ಅಂತ ಕಟ್ಟಿದ ದುಡ್ಡು ಡಿಕ್ರಿ ತೀರಿಸಿದ ಹಾಗಲ್ಲ ಅಂತ ಸುಪ್ರೀಂ ಕೋರ್ಟು 1968ರಲ್ಲೇ ಒಂದು ಚೆಟ್ಟಿಯಾರ್ ಕುಟುಂಬದ ಕೇಸಲ್ಲಿ ಹೇಳಿದೆ, ಅದು ಗೆದ್ದವನ ಕೈಗೆ ಸೇರದ ದುಡ್ಡು, ಜಾಮೀನಿಗೆ ಇಟ್ಟ ಹಾಗೆ. 5 ವರ್ಷ ಅಪೀಲು ನಡೆದು ಸೋತ್ರೆ 3 ಲಕ್ಷ ಬಡ್ಡಿ ತಲೆ ಮೇಲೆ ಬರಬಹುದು. ಅದಕ್ಕೇ ಕಟ್ಟೋ ದಿನವೇ ಒಂದು ಮೆಮೊ ಹಾಕಿ, ಈ ದುಡ್ಡನ್ನ ರಾಷ್ಟ್ರೀಕೃತ ಬ್ಯಾಂಕಲ್ಲಿ ಎಫ್‌ಡಿ ಇಡ್ಸಿ ಅಂತ ಕೇಳಿ. ಕೋರ್ಟು ತಾನಾಗೇ ಮಾಡತ್ತೆ ಅಂತ ಬಿಟ್ರೆ ಆ ದುಡ್ಡು ಬಡ್ಡಿ ಇಲ್ಲದೆ ಸುಮ್ನೆ ಬಿದ್ದಿರತ್ತೆ.

ಈಗ ಬಾಡಿಗೆ ವಿಷಯ, ಇಲ್ಲಿ ಕೂತಿರೋ ಅರ್ಧ ಜನ ಅದಕ್ಕೇ ಬಂದಿರೋದು ಅಂತ ನನಗೆ ಗೊತ್ತು. ದೆಹಲಿ ಕನಾಟ್ ಸರ್ಕಸ್ಸಲ್ಲಿ ಒಂದು ಜಾಗ, ತಿಂಗಳ ಬಾಡಿಗೆ 371 ರೂಪಾಯಿ 90 ಪೈಸೆ. ನಗಬೇಡಿ, ನಿಜ. ಬಾಡಿಗೆದಾರರ ಮೇಲೆ ಖಾಲಿ ಮಾಡೋ ಆರ್ಡರ್ ಆಯ್ತು, ಅಪೀಲು ಹಾಕಿದ್ರು, ರೆಂಟ್ ಟ್ರಿಬ್ಯೂನಲ್ಲು ಸ್ಟೇ ಏನೋ ಕೊಡ್ತೀನಿ ಆದ್ರೆ ತಿಂಗಳಿಗೆ 15,000 ಕಟ್ಟು ಅಂತು. ಅವರು ಹೈಕೋರ್ಟಿಗೆ ಹೋದ್ರು, ಹೈಕೋರ್ಟು ಆ ಕಂಡೀಷನ್ ತೆಗೆದುಹಾಕಿತು, ಓನರ್ ಸುಪ್ರೀಂ ಕೋರ್ಟಿಗೆ ಹೋದ್ರು. 2004ರ ಡಿಸೆಂಬರ್ 10ಕ್ಕೆ ತೀರ್ಪು ಬಂತು, ಆತ್ಮಾರಾಮ್ ಪ್ರಾಪರ್ಟೀಸ್ ಕೇಸು ಅಂತ ನಮ್ಮ ವಕೀಲರಿಗೆಲ್ಲ ಬಾಯಿಪಾಠ. 15,000 ಸರಿ ಅಂತು ಸುಪ್ರೀಂ ಕೋರ್ಟು. ಖಾಲಿ ಮಾಡೋ ಡಿಕ್ರಿ ಆದ ದಿನದಿಂದ ಅವನು ಹಳೇ ಬಾಡಿಗೆಗೆ ಇರೋ ಬಾಡಿಗೆದಾರ ಅಲ್ಲ, ಸ್ಟೇ ಬೇಕಾದ್ರೆ ಆ ಜಾಗ ಬೇರೆಯವರಿಗೆ ಕೊಟ್ಟಿದ್ರೆ ಇವತ್ತು ಎಷ್ಟು ಬರ್ತಿತ್ತೋ ಆ ಲೆಕ್ಕದಲ್ಲಿ ಕಟ್ಟಬೇಕು ಅನ್ನೋದು ಅದರ ಸಾರ. 2009ರಲ್ಲಿ ಮೂರು ಜಡ್ಜುಗಳ ಪೀಠ ಮಹಾರಾಷ್ಟ್ರದ ಒಂದು ಕೇಸಲ್ಲಿ ಇದನ್ನ ಮತ್ತೆ ಗಟ್ಟಿ ಮಾಡಿತು, ಅಲ್ಲಿ ಬಾಡಿಗೆದಾರ ಯಾರು ಗೊತ್ತಾ, ಸ್ವತಃ ಸರ್ಕಾರ. ನನಗೆ ಈ ತೀರ್ಪು ತುಂಬಾ ಇಷ್ಟ, ಯಾಕಂದ್ರೆ ಇದು ಬಂದ ಮೇಲೆ ಬರೀ ಟೈಮ್ ಎಳೆಯೋಕೆ ಅಪೀಲು ಹಾಕೋರಿಗೆ ಆ ಎಳೆಯೋ ಟೈಮಿನ ರೇಟು ಗೊತ್ತಾಯ್ತು. ಓನರ್ ಕಡೆಯವರು ಅಕ್ಕಪಕ್ಕದ ಅಂಗಡಿಗಳ ಬಾಡಿಗೆ ಕರಾರು ಒಂದೆರಡು ಹೊಂದಿಸ್ಕೊಂಡು ಹೋಗಿ, ಬರೀ ಬಾಯಲ್ಲಿ ರೇಟ್ ಜಾಸ್ತಿ ಇದೆ ಸ್ವಾಮಿ ಅಂದ್ರೆ ಜಡ್ಜು ಏನು ಮಾಡ್ತಾರೆ.

ಪಾಲಿನ ದಾವೆಯಲ್ಲಿ ಇನ್ನೊಂದು ತರ. ಮೊದಲು ಪ್ರಿಲಿಮಿನರಿ ಡಿಕ್ರಿ, ಯಾರಿಗೆ ಎಷ್ಟು ಪಾಲು ಅಂತ, ಆಮೇಲೆ ಎಫ್‌ಡಿಪಿ, ಅಂದ್ರೆ ಫೈನಲ್ ಡಿಕ್ರಿ ನಡಾವಳಿ, ಕೋರ್ಟ್ ಕಳಿಸಿದ ಕಮಿಷನರ್ ಬಂದು ಅಳೆದು ತುಂಡು ಮಾಡೋದು. ಅಪೀಲಲ್ಲಿ ಎಷ್ಟೋ ಸಲ ಕೋರ್ಟು ನಡುದಾರಿ ಹಿಡಿಯತ್ತೆ, ಅಳತೆ ಗಿಳತೆ ಎಲ್ಲ ನಡೀಲಿ, ಫೈನಲ್ ಡಿಕ್ರಿ ಮಾತ್ರ ಬರೀಬೇಡಿ ಅಂತ. ಇದು ಒಳ್ಳೇದೇ, ಕೆಲಸ ನಿಲ್ಲಲ್ಲ, ಕೈ ತಪ್ಪಿಯೂ ಹೋಗಲ್ಲ.

ದಾವೆ ವಜಾ ಆದವರ ವಿಷಯ ಬೇಗ ಹೇಳ್ಬಿಡ್ತೀನಿ. ನೀವೇ ದಾವೆ ಹಾಕಿ ನೀವೇ ಸೋತಿದ್ರೆ ಅಲ್ಲಿ ಖರ್ಚು ಬಿಟ್ರೆ ಜಾರಿ ಮಾಡೋಕೆ ಏನೂ ಇರಲ್ಲ, "ತೀರ್ಪಿಗೆ ಸ್ಟೇ ಕೊಡಿ" ಅಂತ ಕೇಳಿದ್ರೆ ಸ್ಟೇ ಸಿಕ್ಕಿದ್ರೂ ನಿಮ್ಮ ಕೈಗೆ ಬರೋದು ಸೊನ್ನೆ. ನಿಮಗೆ ಬೇಕಾಗಿರೋದು ಅಪೀಲು ಮುಗಿಯೋವರೆಗೆ ಎದುರು ಪಾರ್ಟಿ ಜಮೀನಿಗೆ ಬರಬಾರದು, ಮಾರಬಾರದು ಅನ್ನೋ ತಾತ್ಕಾಲಿಕ ನಿರ್ಬಂಧ, ಅದು ಆರ್ಡರ್ 39, ಬೇರೆ ಅರ್ಜಿ, ಬೇರೆ ಪರೀಕ್ಷೆ. ಊರಲ್ಲಿ ಎಲ್ಲದಕ್ಕೂ ಸ್ಟೇ ಅಂತಲೇ ಅಂತೀವಿ, ಅದಕ್ಕೇ ಈ ಗೊಂದಲ.

ತಡ ಮಾಡಿದವರಿಗೆ ಒಂದು ಮಾತು. ತಾಲೂಕಿನ ಸಿವಿಲ್ ಜಡ್ಜ್ ಡಿಕ್ರಿ ಮೇಲೆ ಹೈಕೋರ್ಟಿಗಿಂತ ಕೆಳಗಿನ ಅಪೀಲು ಕೋರ್ಟಿಗೆ 30 ದಿನ, ಹೈಕೋರ್ಟಿಗೆ ಹೋಗೋದಾದ್ರೆ 90 ದಿನ, ಬೆಂಗಳೂರು ಸಿಟಿ ಸಿವಿಲ್ ಕೋರ್ಟಿನ ತೀರ್ಪಾದ್ರೆ ನೇರ ಹೈಕೋರ್ಟೇ. ತೀರ್ಪಿನ ನಕಲು ತಗೊಳ್ಳೋಕೆ ಹಿಡಿದ ದಿನಾನ ಈ ಲೆಕ್ಕಕ್ಕೆ ಸೇರಿಸಲ್ಲ. ಆ ಗಡುವು ಮೀರಿದ್ರೆ ತಡ ಮನ್ನಿಸಿ ಅಂತ ಅರ್ಜಿ ಹಾಕ್ಬೇಕು, ಮತ್ತೆ ಆ ಅಪೀಲನ್ನ ಕೇಳೋದು ಅಂತ ಕೋರ್ಟು ತೀರ್ಮಾನ ಮಾಡೋವರೆಗೂ ಜಾರಿಗೆ ಸ್ಟೇ ಕೊಡೋ ಹಾಗಿಲ್ಲ, ಆರ್ಡರ್ 41 ರೂಲ್ 3ಎ. ಅಷ್ಟರಲ್ಲಿ ಅಮೀನ ಬಂದು ಹೋಗಿರ್ತಾನೆ. ಇನ್ನೊಂದು ಕಡೆ, ಅಪೀಲು ರೆಡಿ ಆಗೋ ಮುಂಚೆಯೇ ಸಮಯ ಬೇಕಿದ್ರೆ ಡಿಕ್ರಿ ಮಾಡಿದ ಅದೇ ಕೋರ್ಟಲ್ಲೇ ಅರ್ಜಿ ಹಾಕ್ಬಹುದು, ಅಪೀಲಿನ ಅವಧಿ ಮುಗಿಯೋದ್ರೊಳಗೆ. ನನ್ನನ್ನ ಸೋಲಿಸಿದ ಜಡ್ಜ್ ಹತ್ರವೇ ಹೋಗಿ ಕೇಳೋದಾ ಅಂತ ಜನ ಮುಖ ಸಿಂಡರಿಸ್ತಾರೆ. ಕೇಳಿ ಸ್ವಾಮಿ, ನಾಲ್ಕೈದು ವಾರ ಕೊಟ್ಟಿದ್ದು ನಾನು ಎಷ್ಟೋ ಸಲ ನೋಡಿದೀನಿ.

ಸರಿ, ಸ್ಟೇ ಸಿಕ್ತು. ಮುಗೀತಾ? ಬೆಂಗಳೂರಲ್ಲಿ ಆರ್ಡರ್ ಆಗಿದೆ, ಅಮೀನ ಇರೋದು ಮಲೆನಾಡಿನ ಮೂಲೇಲಿ, ಅವನಿಗೆ ಹೇಗೆ ಗೊತ್ತಾಗ್ಬೇಕು? 1967ರಲ್ಲಿ ಮುಲ್‌ರಾಜ್ ಅನ್ನೋ ಕೇಸಲ್ಲಿ ಸುಪ್ರೀಂ ಕೋರ್ಟಿಗೆ ಇದೇ ಪ್ರಶ್ನೆ ಬಂತು, ಜಾರಿ ಮಾಡೋ ಕೋರ್ಟಿಗೆ ಸ್ಟೇ ಆಗಿರೋದು ಗೊತ್ತಾಗೋ ಮುಂಚೆ ಮಾಡಿದ ಕೆಲಸ ತನ್ನಷ್ಟಕ್ಕೆ ಅಸಿಂಧು ಅಲ್ಲ, ಗೊತ್ತಾದ ಮೇಲೆ ಮಾಡಿದ್ರೆ ಮಾತ್ರ ಅಧಿಕಾರ ಮೀರಿದ ಹಾಗೆ, ಹಾಗಿದ್ರೂ ಅನ್ಯಾಯ ಆಗಿದ್ರೆ ಆ ಕೋರ್ಟು ತಾನೇ ಸರಿಪಡಿಸಬಹುದು ಅಂತ ತೀರ್ಮಾನ ಆಯ್ತು. ಆಮೇಲೆ ರೂಲ್ 5ಕ್ಕೆ ಒಂದು ವಿವರಣೆ ಸೇರಿಸಿದ್ರು. ಸ್ಟೇ ಆರ್ಡರ್ ಕೆಳಗಿನ ಕೋರ್ಟಿಗೆ ತಲುಪಿದ ದಿನದಿಂದ ಜಾರಿಗೆ ಬರತ್ತೆ, ಆದ್ರೆ ಅದು ತಲುಪೋ ಮುಂಚೆ ಅಪೀಲುದಾರ "ಸ್ಟೇ ಆಗಿದೆ, ಇದು ನನಗೆ ಖುದ್ದು ಗೊತ್ತು" ಅಂತ ಪ್ರಮಾಣ ಮಾಡಿ ಅಫಿಡವಿಟ್ ಕೊಟ್ರೆ ಕೆಳಗಿನ ಕೋರ್ಟು ಅದರ ಮೇಲೆ ನಡ್ಕೋಬೇಕು.

ಇದನ್ನ ನಾನು ಒಂದ್ಸಲ ಬಳಸಿದೀನಿ, ವಾಟ್ಸಾಪ್ ಇಲ್ಲದ ಕಾಲ. ಪಾರ್ಟಿಯ ಮಗ ಹೈಕೋರ್ಟ್ ಹಾಲಲ್ಲಿ ಕೂತು ಆರ್ಡರ್ ಕೇಳಿಸ್ಕೊಂಡ, ರಾತ್ರಿ ಬಸ್ಸಿಗೆ ಹತ್ತಿದ, ಬೆಳಿಗ್ಗೆ ಬಸ್‌ಸ್ಟ್ಯಾಂಡಿಂದ ಸೀದಾ ನನ್ನ ಆಫೀಸಿಗೆ. ಅವನೂ ಅಪೀಲುದಾರರಲ್ಲಿ ಒಬ್ಬ, ಅದು ನಮ್ಮ ಅದೃಷ್ಟ, ಯಾಕಂದ್ರೆ ಪಕ್ಕದ ಮನೆಯವರು ಕೇಳಿಸ್ಕೊಂಡು ಬಂದು ಹೇಳಿದ್ರೆ ಅದು ಖುದ್ದು ತಿಳುವಳಿಕೆ ಆಗಲ್ಲ. ಅಫಿಡವಿಟ್ ಟೈಪ್ ಮಾಡಿಸಿ, ಪ್ರಮಾಣ ಮಾಡಿಸಿ, 11 ಗಂಟೆಗೆ ಕೋರ್ಟ್ ಕೂತ ತಕ್ಷಣ ಹಾಜರು ಮಾಡಿದ್ವಿ, ಅಮೀನನಿಗೆ ಹೋಗ್ಬೇಡ ಅಂತ ಆರ್ಡರ್ ಆಯ್ತು. ಆ ಹುಡುಗ ಹಲ್ಲು ಕೂಡ ಉಜ್ಜಿರ್ಲಿಲ್ಲ. ಈಗ ಆರ್ಡರ್ ಶೀಟು ವೆಬ್‌ಸೈಟಿಗೆ ಬರತ್ತೆ, ಮೊಬೈಲಲ್ಲಿ ತೋರಿಸ್ತೀವಿ, ಆದ್ರೂ ಅಪ್‌ಲೋಡ್ ಆಗೋಕೆ ಎರಡು ದಿನ ತಡ ಆದ್ರೆ ಈ ಅಫಿಡವಿಟ್ಟೇ ಗತಿ.

ಸ್ಟೇ ಬಂತು ಅಂದ ತಕ್ಷಣ ಪಟಾಕಿ ಹೊಡೆಯೋರಿದಾರೆ. ನಮ್ಮ ಮೈಸೂರಿನ ಚಾಮುಂಡಿ ಮೊಪೆಡ್ಸ್ ನೆನಪಿದೆಯಾ ಹಿರಿಯರಿಗೆ? ಆ ಕಂಪನಿ ಹೆಸರಲ್ಲಿ 1992ರ ಒಂದು ಸುಪ್ರೀಂ ಕೋರ್ಟ್ ತೀರ್ಪಿದೆ, ಎದುರು ಪಾರ್ಟಿ ಅವರ ಬೆಂಗಳೂರಿನ ಜಾಗದ ಓನರ್, ಒಂದು ಚರ್ಚ್ ಟ್ರಸ್ಟು. ಕಂಪನಿ ನಷ್ಟದಲ್ಲಿತ್ತು, ರೋಗಗ್ರಸ್ತ ಕಂಪನಿಗಳ ಕಾಯ್ದೆ ಕೆಳಗೆ ಹಾಕಿದ ಅಪೀಲು ವಜಾ ಆಗಿತ್ತು, ಆ ವಜಾ ಆರ್ಡರಿಗೆ ದೆಹಲಿ ಹೈಕೋರ್ಟಿಂದ ಸ್ಟೇ ತಂದಿದ್ರು. ಹಾಗಾದ್ರೆ ವಜಾ ಆದ ಅಪೀಲು ಮತ್ತೆ ಬದುಕಿ ಬಂತಾ ಅನ್ನೋದು ಪ್ರಶ್ನೆ. ಇಲ್ಲ ಅಂತು ಕೋರ್ಟು. ರದ್ದು ಮಾಡೋದು ಅಂದ್ರೆ ಆ ಆರ್ಡರ್ ಇರಲೇ ಇಲ್ಲ ಅನ್ನೋ ಹಾಗೆ ಅಳಿಸಿಹಾಕೋದು, ಸ್ಟೇ ಅಂದ್ರೆ ಆರ್ಡರ್ ಇರತ್ತೆ, ಆ ದಿನದಿಂದ ಅದು ಕೆಲಸ ಮಾಡಲ್ಲ ಅಷ್ಟೇ. ನಿಮ್ಮ ಡಿಕ್ರಿನೂ ಹಾಗೇ, ಸ್ಟೇ ಇದ್ದಷ್ಟು ದಿನ ಮಲಗಿರತ್ತೆ, ಸತ್ತಿರಲ್ಲ. ಗೆದ್ದವರಿಗೆ ಅಮಲ್ಜಾರಿ ಹಾಕೋಕೆ 12 ವರ್ಷ ಟೈಮಿದೆ, ಸ್ಟೇ ಇದ್ದ ಅವಧಿನ ಆ ಲೆಕ್ಕಕ್ಕೆ ಸೇರಿಸಲ್ಲ, ಹಾಗಾಗಿ ಸ್ಟೇಯಿಂದ ನಿಮ್ಮ ಡಿಕ್ರಿ ಹಳಸಿ ಹೋಗತ್ತೆ ಅಂತ ಹೆದರಬೇಡಿ.

ಆರು ತಿಂಗಳಾದ್ರೆ ಸ್ಟೇ ತಾನಾಗೇ ಹೋಗತ್ತೆ ಅಂತ ಯಾರೋ ಈಗಷ್ಟೇ ಹಿಂದಿನ ಸಾಲಲ್ಲಿ ಹೇಳ್ತಿದ್ರು, ಕೇಳಿಸ್ತು. ಅದು 2018ರ ಏಷಿಯನ್ ರೀಸರ್ಫೇಸಿಂಗ್ ಅನ್ನೋ ಸುಪ್ರೀಂ ಕೋರ್ಟ್ ತೀರ್ಪಿನ ಮಾತು, ಕೆಳಗಿನ ಕೋರ್ಟಲ್ಲಿ ನಡೀತಿರೋ ವಿಚಾರಣೆಗೆ ಕೊಟ್ಟ ಸ್ಟೇ ಬಗ್ಗೆ, ನಮ್ಮ ಜನ ಅದನ್ನ ಎಲ್ಲಾ ಸ್ಟೇಗೂ ಎಳ್ಕೊಂಡು ಬಂದ್ರು. ಈಗ ಅದೂ ಇಲ್ಲ. 2024ರ ಫೆಬ್ರವರಿ 29ಕ್ಕೆ ಐವರು ಜಡ್ಜುಗಳ ಪೀಠ ಅದನ್ನ ತೆಗೆದುಹಾಕಿತು, ಮುಖ್ಯ ತೀರ್ಪು ಬರೆದವರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ಅಭಯ್ ಓಕಾ ಅವರು. ಇನ್ನೊಂದು ಕಡೆಯ ಮಾತು ಕೇಳದೆ, ಬರೀ ದಿನ ಕಳೀತು ಅನ್ನೋ ಕಾರಣಕ್ಕೆ ಸ್ಟೇ ಬಿದ್ದು ಹೋಗೋ ಹಾಗಿಲ್ಲ. ಆದ್ರೆ ಆರ್ಡರಲ್ಲೇ "ಮುಂದಿನ ತಾರೀಖಿನವರೆಗೆ" ಅಂತ ಬರೆದಿದ್ರೆ ಆ ತಾರೀಖಿಗೆ ಮುಂದುವರಿಸಿ ಅಂತ ಕೇಳಲೇಬೇಕು, ಕೇಳದೆ ಬಿಟ್ರೆ ಹೋಯ್ತು. "ನಾಲ್ಕು ವಾರದಲ್ಲಿ ಡೆಪಾಸಿಟ್ ಮಾಡಿದ್ರೆ ಸ್ಟೇ" ಅಂತಿದ್ರೆ ಐದನೇ ವಾರಕ್ಕೆ ಅದೂ ಹೋಯ್ತು. ಆರ್ಡರನ್ನ ಪೂರ್ತಿ ಓದಿ, ಮೊದಲ ಸಾಲು ಓದಿ ಸಿಹಿ ಹಂಚಬೇಡಿ.

ಗೆದ್ದವರು ಮೊದಲು ಮಾಡ್ಬೇಕಾದ್ದು ಕೇವಿಯಟ್, ಅಂದ್ರೆ ನನ್ನ ಮಾತೂ ಕೇಳಿ ಅಂತ ಕೋರ್ಟಿಗೆ ಮೊದಲೇ ಕೊಡೋ ಅರ್ಜಿ, ಸೆಕ್ಷನ್ 148ಎ, 90 ದಿನ ಜೀವ. ಅದಿದ್ರೆ ನಿಮಗೆ ತಿಳಿಸದೆ ಸ್ಟೇ ಆಗಲ್ಲ. ಎಷ್ಟೋ ಜನ ತೀರ್ಪು ಬಂದ ದಿನ ಹೋಟೆಲಿಗೆ ಹೋಗ್ತಾರೆ, ಕೇವಿಯಟ್ ಹಾಕಲ್ಲ. ಅಮಲ್ಜಾರಿನೂ ಬೇಗ ಹಾಕಿ. ಬೆಂಗಳೂರು ಮೈಸೂರು ರಸ್ತೆಯ ಒಂದು ಜಮೀನಿನ ಜಗಳ 2021ರಲ್ಲಿ ಸುಪ್ರೀಂ ಕೋರ್ಟ್ ತಲುಪಿದಾಗ, ರಾಹುಲ್ ಶಾ ಕೇಸು ಅಂತೀವಿ, ಅಮಲ್ಜಾರಿ ಅರ್ಜಿನ ಆರು ತಿಂಗಳಲ್ಲಿ ಮುಗಿಸಬೇಕು, ಆಗದಿದ್ರೆ ಕಾರಣ ಬರೀಬೇಕು ಅಂತ ಕೋರ್ಟು ಹೇಳಿತು. ಮುಗಿಯತ್ತಾ ಅಂದ್ರೆ, ನೀವೇ ನೋಡ್ತಿದೀರಲ್ಲ.

ಸರ್ಕಾರ ಸೋತ್ರೆ? ಆರ್ಡರ್ 27 ರೂಲ್ 8ಎ, ಸ್ಟೇಗೆ ಸರ್ಕಾರದಿಂದ ಭದ್ರತೆ ಕೇಳಂಗಿಲ್ಲ. ಜಮೀನು ಕಳ್ಕೊಂಡ ರೈತ ಪರಿಹಾರಕ್ಕೆ ಅಮಲ್ಜಾರಿ ಹಾಕಿ, ಎಸಿ, ಅಂದ್ರೆ ಅಸಿಸ್ಟೆಂಟ್ ಕಮಿಷನರ್ ಆಫೀಸಿನ ಕುರ್ಚಿ, ಜೀಪು ಜಪ್ತಿ ಅಂತ ಪೇಪರಲ್ಲಿ ಫೋಟೋ ಬರತ್ತಲ್ಲ, ಅದರ ಹಿಂದೆ ಹೆಚ್ಚಾಗಿ ಇರೋದು ಯಾರೂ ಟೈಮಿಗೆ ಸ್ಟೇ ಕೇಳದೇ ಇದ್ದ ಫೈಲು. ರೈತನಿಗೊಂದು ನ್ಯಾಯ ಸರ್ಕಾರಕ್ಕೊಂದು ನ್ಯಾಯ ಯಾಕೆ ಅಂತ ನನ್ನನ್ನ ಕೇಳಿದ್ರೆ ನನ್ನ ಹತ್ರ ಒಳ್ಳೆ ಉತ್ತರ ಇಲ್ಲ. ಆರ್ಬಿಟ್ರೇಷನ್, ಅಂದ್ರೆ ಕೋರ್ಟಿನ ಹೊರಗೆ ಮಧ್ಯಸ್ಥರು ಕೊಡಿಸಿದ ಹಣದ ವಿಷಯದಲ್ಲಾದ್ರೂ ಸರ್ಕಾರಕ್ಕೆ ಈ ಸವಲತ್ತು ಇಲ್ಲ ಅಂತ 2019ರಲ್ಲಿ ಪಶ್ಚಿಮ ಬಂಗಾಳದ ಕೇಸಲ್ಲಿ ತೀರ್ಮಾನ ಆಗಿದೆ.

ಇನ್ನು ಹರಾಜು. ಇದನ್ನ ಮಾತ್ರ ದಯವಿಟ್ಟು ಮನೇಲಿ ಹೋಗಿ ಹೇಳಿ. ಅಪೀಲಲ್ಲಿ ಗೆದ್ರೆ ಸೆಕ್ಷನ್ 144 ಪ್ರಕಾರ ಕಳ್ಕೊಂಡಿದ್ದನ್ನ ವಾಪಸ್ ಕೇಳಬಹುದು, ದುಡ್ಡು, ಸ್ವಾಧೀನ, ನಡುವಿನ ಉತ್ಪನ್ನ ಎಲ್ಲ. ಆದ್ರೆ ಜಮೀನು ಕೋರ್ಟ್ ಹರಾಜಲ್ಲಿ ಹೋಗಿ, ಕೊಂಡವನು ಕೇಸಿಗೆ ಸಂಬಂಧವೇ ಇಲ್ಲದ ಮೂರನೆಯವ, ದುಡ್ಡು ಕಟ್ಟಿ ಪ್ರಾಮಾಣಿಕವಾಗಿ ಕೊಂಡಿದಾನೆ, ಹರಾಜೂ ಖಾಯಂ ಆಗಿದೆ ಅಂದ್ರೆ, ಆಮೇಲೆ ಡಿಕ್ರಿ ರದ್ದಾದ್ರೂ ಆ ಜಮೀನು ಸಾಮಾನ್ಯವಾಗಿ ವಾಪಸ್ ಬರಲ್ಲ, ಹರಾಜಿನ ದುಡ್ಡು ಸಿಗಬಹುದು ಅಷ್ಟೇ. ಡಿಕ್ರಿದಾರನೇ ಕೊಂಡಿದ್ರೆ ಬರತ್ತೆ. ಅಜ್ಜನ ಕಾಲದ ಗದ್ದೆ ಹೋದ ಮೇಲೆ ಅಪೀಲು ಗೆದ್ದು ಏನು ಮಾಡ್ತೀರಿ? ಅದಕ್ಕೇ ಕಾನೂನಲ್ಲೇ ಒಂದು ದಾರಿ ಇದೆ, ಆರ್ಡರ್ 41 ರೂಲ್ 6, ಸ್ಥಿರಾಸ್ತಿ ಹರಾಜಿಗೆ ಆರ್ಡರ್ ಆಗಿ ಅಪೀಲು ಬಾಕಿ ಇದ್ರೆ, ಸೋತವ ಹರಾಜಿಗೆ ಆರ್ಡರ್ ಮಾಡಿದ ಕೋರ್ಟಲ್ಲೇ ಅರ್ಜಿ ಹಾಕಿ ನಿಲ್ಲಿಸ್ಕೋಬಹುದು, ಭದ್ರತೆ ಏನು ಕೇಳ್ತಾರೋ ಕೊಟ್ಟು. ಇಲ್ಲಿ ಕೋರ್ಟು ನಿಲ್ಲಿಸಬಹುದು ಅಂತಲ್ಲ, ನಿಲ್ಲಿಸಬೇಕು ಅಂತಲೇ ಬರೆದಿದೆ. ಇದನ್ನ ಬಳಸೋರು ತೀರಾ ಕಮ್ಮಿ.

ಇಷ್ಟು ಹೇಳಿ ಪ್ರಶ್ನೆ ಕೇಳಿ ಅಂದೆ. ಒಬ್ಬ ಅಕ್ಕ ಕೇಳಿದ್ರು, ಸ್ಟೇ ತಂದವರು ಅಪೀಲು ನಡೀತಿರೋವಾಗಲೇ ಆ ಸೈಟು ಮಾರಿಬಿಟ್ರೆ? ಕೊಂಡವನು ಕೇಸನ್ನೂ ಕೊಂಡ ಹಾಗೆ, ಆಸ್ತಿ ವರ್ಗಾವಣೆ ಕಾಯ್ದೆ ಸೆಕ್ಷನ್ 52, ಕೊನೆಗೆ ಬರೋ ತೀರ್ಪು ಅವನಿಗೂ ಕಟ್ಟು, ಆದ್ರೂ ಅಕ್ಕ ಮಾರಬಾರದು ಅಂತ ಒಂದು ಅರ್ಜಿ ಹಾಕಿಸ್ಬಿಡಿ, ಆಮೇಲೆ ಅವನ ಜೊತೆ ಗುದ್ದಾಡೋದು ತಪ್ಪತ್ತೆ ಅಂದೆ.

ಕೊನೇಲಿ ಹಿಂದೆ ಕೂತಿದ್ದ ಒಬ್ಬ ಅಜ್ಜ ಎದ್ದು ನಿಂತ್ರು. ಅವರು ಗೆದ್ದವರು, ಎದುರಿನವರು ಸ್ಟೇ ತಂದು ವರ್ಷಗಟ್ಟಲೆ ಆಗಿದೆ. "ಸ್ಟೇ ತಂದೋನೇ ಹೋಗ್ಬಿಟ್ಟ ಸ್ವಾಮಿ, ಈಗ ಯಾರನ್ನ ಕೇಳ್ಲಿ?" ಅಂದ್ರು. ಯಾವಾಗ ಹೋದ್ರು ಅಜ್ಜಾ ಅಂದೆ. ಬರೋ ಶ್ರಾವಣಕ್ಕೆ ಎರಡು ವರ್ಷ. ಅಪೀಲುದಾರ ಅವನೊಬ್ಬನೇನಾ ಅಂದೆ. ಒಬ್ಬನೇ. ಅವನ ಮಕ್ಕಳು ಕೋರ್ಟಿಗೆ ಬಂದಿದಾರಾ? ಯಾರೂ ಬಂದಿಲ್ಲ, ಒಬ್ಬ ಮಗ ದುಬೈಲಿದಾನೆ. ಅಪೀಲುದಾರ ತೀರಿಕೊಂಡ 90 ದಿನದ ಒಳಗೆ ವಾರಸುದಾರರನ್ನ ಅಪೀಲಿಗೆ ಸೇರಿಸದಿದ್ರೆ ಅಪೀಲು ಅಬೇಟ್ ಆಗತ್ತೆ, ಅಂದ್ರೆ ತಾನಾಗೇ ಮುಗಿದುಹೋಗತ್ತೆ, ಅಪೀಲೇ ಇಲ್ಲದ ಮೇಲೆ ಅದರ ಬಾಲ ಹಿಡ್ಕೊಂಡಿರೋ ಸ್ಟೇ ಎಲ್ಲಿಂದ ಬರತ್ತೆ. ಮಕ್ಕಳು ಬಂದು ತಡ ಮನ್ನಿಸಿ ಅಂತ ಕೇಳಬಹುದು, ಅದು ಅವರ ಪಾಡು, ಆದ್ರೆ ಈ ಅಜ್ಜನಿಗೆ ಎರಡು ವರ್ಷದಿಂದ ಯಾರೂ ಇದನ್ನ ಹೇಳಿರ್ಲಿಲ್ಲ. ಸೋಮವಾರ ಬೆಳಿಗ್ಗೆ ಕೇಸ್ ನಂಬರ್ ತಗೊಂಡು ಆಫೀಸಿಗೆ ಬನ್ನಿ, ಮರಣ ಪ್ರಮಾಣ ಪತ್ರದ ನಕಲು ಪಂಚಾಯ್ತಿಲಿ ಸಿಗತ್ತಾ ವಿಚಾರಿಸಿ ಅಂದೆ. ನಾನು ಬೀಗ ತೆಗೆಯೋಕೆ ಹೋಗೋ ಹೊತ್ತಿಗೆ ಅವರು ಆಗ್ಲೇ ಮೆಟ್ಟಿಲ ಮೇಲೆ ಕೂತಿದ್ರು, ಕೈಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಡಿಕ್ರಿಯ ನಕಲು, ಮಡಚಿ ಮಡಚಿ ನಾಲ್ಕು ತುಂಡಾಗಿತ್ತು.